ಕುಂಬಳದ ಬಳ್ಳಿಯಲ್ಲಿ ಗಟ್ಟಿ ಕೋಶಗಳನ್ನು ನೋಡುವುದು ಹೇಗೆ?

ಕುಂಬಳದ ಬಳ್ಳಿಯ ತುದಿಯನ್ನು ಬೆರಳಲ್ಲಿ ಬಾಗಿಸಿದರೆ ಬಳುಕುತ್ತದೆ. ಬುಡದ ಕಡೆ ಬಾಗಿಸಹೋದರೆ ನಾರು ನಾರಾಗಿ ಸೀಳುತ್ತದೆ. ತುದಿಯೂ ನೆಟ್ಟಗೆ ನಿಲ್ಲಬೇಕು, ಆದರೆ ಬೆಳೆಯುತ್ತಲೂ ಇರಬೇಕು. ಬುಡಕ್ಕೆ ಆ ತೊಡಕಿಲ್ಲ. ಹಾಗಾಗಿ ಎರಡು ಕಡೆ ಎರಡು ಬಗೆಯ ಆಧಾರ ಅಂಗಾಂಶ ಕೆಲಸ ಮಾಡುತ್ತದೆ. ಒಂದು ಬ್ಲೇಡು, ಒಂದಿಷ್ಟು ಬಣ್ಣ, ಶಾಲೆಯಲ್ಲಿರುವಂಥ ಸೂಕ್ಷ್ಮದರ್ಶಕ ಇದ್ದರೆ ಎರಡನ್ನೂ ಕಣ್ಣಾರೆ ನೋಡಬಹುದು.

ತುಂಡು ಆರಿಸುವುದು

ಒಂದೇ ಬಳ್ಳಿಯಿಂದ ಎರಡು ತುಂಡು ತೆಗೆದುಕೊಳ್ಳಿ: ಇನ್ನೂ ಉದ್ದವಾಗುತ್ತಿರುವ ಎಳೆಯ ತುದಿಯದೊಂದು, ಬಲಿತ ಎಲೆಯ ಹತ್ತಿರದ್ದೊಂದು. ಗೆಣ್ಣಿನ ಮೇಲೆ ಕೊಯ್ಯಬೇಡಿ. ಅಲ್ಲಿ ನಾಳಗಳು ಎಲೆಯ ಕಡೆ ತಿರುಗುವುದರಿಂದ ಚಿತ್ರ ಗೋಜಲಾಗುತ್ತದೆ. ತುಂಡುಗಳನ್ನು ತಕ್ಷಣ ನೀರಿಗೆ ಹಾಕಿ.

ಕೊಯ್ಯುವುದು

ಬ್ಲೇಡು ಹೊಸದಾಗಿರಲಿ. ಬ್ಲೇಡನ್ನೂ ತುಂಡನ್ನೂ ಒದ್ದೆ ಮಾಡಿಕೊಂಡು, ಬೆರಳುಗಳನ್ನು ಅಲಗಿಗಿಂತ ಕೆಳಗಿಟ್ಟು, ಅಡ್ಡಕ್ಕೆ ಜಾರಿಸುತ್ತಾ ಎಳೆಯಿರಿ, ಒತ್ತಬೇಡಿ. ಪೂರ್ತಿ ವೃತ್ತವೇ ಬರಬೇಕೆಂಬ ಹಟ ಬೇಡ. 20 ಬಿಲ್ಲೆ ಕೊಯ್ದರೆ ಎರಡೋ ಮೂರೋ ಚೆನ್ನಾಗಿರುತ್ತವೆ. ಒಂದು ಅಂಚು ಬೆಳಕು ತೂರುವಷ್ಟು ತೆಳುವಾಗಿದ್ದರೂ ಸಾಕು. ಎಷ್ಟೋ ಸಲ ನನಗೆ ಅಂಥ ಓರೆ ಚೂರಿನಲ್ಲೇ ಕೋಶಗಳು ಸ್ಪಷ್ಟವಾಗಿ ಕಂಡಿವೆ.

ಬಣ್ಣ ಹಚ್ಚುವುದು

ಶೇ 1ರ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣದ ದ್ರಾವಣದಲ್ಲಿ ಎರಡು ಮೂರು ನಿಮಿಷ ಇಟ್ಟು, ಬಣ್ಣ ಬಿಡುವುದು ನಿಲ್ಲುವವರೆಗೆ ನೀರಿನಲ್ಲಿ ತೊಳೆಯಿರಿ. ಮೆತ್ತನೆಯ ಕುಂಚದಿಂದ ಎತ್ತಿ ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟು ಮುಚ್ಚಿ. ಒಂದೆರಡು ಬಿಲ್ಲೆಗಳನ್ನು ಬಣ್ಣ ಹಚ್ಚದೆ ಹಾಗೇ ಉಳಿಸಿಕೊಳ್ಳಿ, ಬೇಕಾಗುತ್ತವೆ.

ಏನು ಕಾಣುತ್ತದೆ?

ಮೊದಲು ಬಣ್ಣವಿಲ್ಲದ ಎಳೆಯ ಬಿಲ್ಲೆ. ಕುಂಬಳದ ಕಾಂಡಕ್ಕೆ ಏಣುಗಳಿವೆ. ಪ್ರತಿ ಏಣಿನೊಳಗೆ, ಹೊರಪದರದ ಕೆಳಗೇ, ಮುತ್ತಿನಂತೆ ಹೊಳೆಯುವ ಕೋಶಗಳ ಗುಂಪು ಕಾಣುತ್ತದೆ. ಅದೇ ಕೋಲೆಂಕೈಮ. ಕೋಶಗಳು ಸೇರುವ ಮೂಲೆಗಳಲ್ಲಿ ಮಾತ್ರ ಭಿತ್ತಿ ದಪ್ಪಗಿರುತ್ತದೆ. ಸೆಲ್ಯುಲೋಸ್ ಮತ್ತು ಪೆಕ್ಟಿನ್‌ನಿಂದಾದ ಈ ಭಿತ್ತಿ ತುಂಬ ನೀರು ಹಿಡಿದಿರುತ್ತದೆ. ಆಲ್ಕೊಹಾಲ್‌ನಲ್ಲಿಟ್ಟರೆ ಕುಗ್ಗಿಬಿಡುತ್ತದೆ, ನೀರಿನಲ್ಲೇ ನೋಡಿ ಎನ್ನುವುದು ಇದಕ್ಕೇ. ಕೋಶ ಜೀವಂತ, ಕಾಂಡ ಉದ್ದವಾದಂತೆ ಭಿತ್ತಿಯೂ ಹಿಗ್ಗುತ್ತದೆ. ಗಾಳಿಗೆ ಓಲಾಡಿಕೊಂಡು ಬೆಳೆದ ಗಿಡಗಳಲ್ಲಿ ಈ ಭಿತ್ತಿ ಇನ್ನೂ ದಪ್ಪವಾಗುತ್ತದೆ.

ಈಗ ಬಲಿತ ತುಂಡಿನ ಬಣ್ಣ ಹಚ್ಚಿದ ಬಿಲ್ಲೆ. ಕೋಲೆಂಕೈಮದಿಂದ ಒಳಗೆ, ನಾಳಗಳಿಗಿಂತ ಹೊರಗೆ, ಕೆಂಪು ಪಟ್ಟಿಯೊಂದು ಕಾಂಡವನ್ನು ಬಳಸಿಕೊಂಡಿರುತ್ತದೆ. ಅದು ಸ್ಕ್ಲೀರೆಂಕೈಮ, ಅಂದರೆ ಕೈಗೆ ಸಿಕ್ಕಿದ್ದ ನಾರು. ಕೋಶ ಹಿಗ್ಗುವುದನ್ನು ನಿಲ್ಲಿಸಿದ ಮೇಲೆ ಮೂಲ ಭಿತ್ತಿಯ ಒಳಬದಿಗೆ ಎರಡನೆಯ ಭಿತ್ತಿ ಕಟ್ಟಿಕೊಂಡು, ಅದರಲ್ಲಿ ಲಿಗ್ನಿನ್ ಎಂಬ, ಮರಕ್ಕೆ ಗಟ್ಟಿತನ ಕೊಡುವ ವಸ್ತು ತುಂಬಿಕೊಳ್ಳುತ್ತದೆ. ಸ್ಯಾಫ್ರನಿನ್ ಹಿಡಿದುಕೊಂಡಿರುವುದು ಈ ಲಿಗ್ನಿನ್ ಅನ್ನೇ. ಕೆಲಸ ಮುಗಿದ ಮೇಲೆ ಕೋಶ ಸಾಮಾನ್ಯವಾಗಿ ಸಾಯುತ್ತದೆ, ಗೋಡೆ ಮಾತ್ರ ಭಾರ ಹೊರುತ್ತ ಉಳಿಯುತ್ತದೆ.

ಎಳೆಯ ಬಿಲ್ಲೆಗೂ ಬಣ್ಣ ಹಚ್ಚಿ ನೋಡಿದರೆ ಅಲ್ಲಿ ಆ ಪಟ್ಟಿ ಕೆಂಪಾಗಿರುವುದಿಲ್ಲ. ನೀರಿನ ನಾಳಗಳಷ್ಟೇ ಕೆಂಪು. ಬೆಳೆಯುವ ಭಾಗದಲ್ಲಿ ಅವು ಹೇಗೆ ಗಟ್ಟಿಯಾದವು? ಲಿಗ್ನಿನ್ ಅಲ್ಲಿ ಬಳೆಯಂತೆ, ಸುರುಳಿಯಂತೆ ಕೂತಿರುತ್ತದೆ. ನಡುವೆ ಹಿಗ್ಗಲು ಜಾಗವಿದೆ. ಉದ್ದುದ್ದ ಸೀಳಿದರೆ ಆ ಸುರುಳಿ ಸೊಗಸಾಗಿ ಕಾಣುತ್ತದೆ.

ಸಮಯವಿದ್ದರೆ ಸೀಬೆಹಣ್ಣಿನ ತಿರುಳಲ್ಲಿ ಹಲ್ಲಿಗೆ ಸಿಗುವ ಮರಳಿನಂಥ ಕಣವನ್ನು ಅರೆದು, ಹೀಗೆಯೇ ಬಣ್ಣ ಹಚ್ಚಿ. ಅವು ಕಲ್ಲುಕೋಶಗಳು. ಭಿತ್ತಿ ಎಷ್ಟು ದಪ್ಪವೆಂದರೆ ಒಳಗೆ ಚುಕ್ಕಿಯಷ್ಟೇ ಟೊಳ್ಳು. ಅದರಿಂದ ಹೊರಕ್ಕೆ ಕೂದಲೆಳೆಯಂಥ ಕಾಲುವೆಗಳು. ತೆಂಗಿನ ಕರಟವೂ ಇಂಥ ಕೋಶಗಳದ್ದೇ.

ಕೊನೆಗೆ, ತುದಿಯಿಂದ ಬುಡದತ್ತ ಗೆಣ್ಣುಗಳ ನಡುವಿನ ಭಾಗವನ್ನು ಒಂದೊಂದಾಗಿ ಕೊಯ್ಯುತ್ತಾ ಹೋಗಿ. ಕೊಯ್ಯುವ ಮೊದಲು ಒಂದು ವಾರ ಗೆಣ್ಣುಗಳ ನಡುವಿನ ಅಂತರವನ್ನು ದಿನಾ ಅಳೆದು ಬರೆದಿಟ್ಟಿದ್ದರೆ, ಕೆಂಪು ಪಟ್ಟಿ ಮೊದಲು ಕಾಣುವ ಕಡೆ ಆ ಅಳತೆ ಏನಾಗಿದೆ ಎಂದು ಹೋಲಿಸಿ ನೋಡಿ.