ಟಾರ್ಚ್ ಹಿಡಿಯುವ ಮುನ್ನ ಕತ್ತು ನೋಡುತ್ತೇನೆ

ಮಂಡ್ಯದಲ್ಲಿ ಕಣ್ಣಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ‘ಒಂದು ಎರಡಾಗಿ ಕಾಣುತ್ತದೆ’ ಎಂದು ಬಂದವರು ಬಾಗಿಲಿನಿಂದ ಕುರ್ಚಿಯವರೆಗೆ ಕತ್ತನ್ನು ಹೇಗೆ ಹಿಡಿದುಕೊಂಡು ನಡೆದರು ಎಂಬುದನ್ನು ಮೊದಲು ಗಮನಿಸುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಸ್ನಾಯುಗಳಿವೆ, ನಾಲ್ಕು ನೇರ, ಎರಡು ಓರೆ. ಹೊರಬದಿಯ ನೇರ ಸ್ನಾಯುವನ್ನು ಆರನೆಯ ಕಪಾಲ ನರ (ಮೆದುಳಿನಿಂದ ನೇರವಾಗಿ ಹೊರಡುವ ನರಗಳಲ್ಲೊಂದು) ನಡೆಸುತ್ತದೆ, ಮೇಲಿನ ಓರೆ ಸ್ನಾಯುವನ್ನು ನಾಲ್ಕನೆಯದು, ಉಳಿದ ನಾಲ್ಕನ್ನೂ ಮೂರನೆಯದು. ಒಂದು ಸೋತರೆ, ಅದಕ್ಕೆ ದುಡಿಮೆ ಕಡಿಮೆಯಾಗುವಂತೆ ಮನುಷ್ಯ ತನಗರಿವಿಲ್ಲದೆಯೇ ಮುಖ ತಿರುಗಿಸಿಕೊಳ್ಳುತ್ತಾನೆ.

ಮದ್ದೂರು ಕಡೆಯ ರೈತರೊಬ್ಬರು ಮುಖವನ್ನು ಬಲಕ್ಕೆ ತಿರುಗಿಸಿಕೊಂಡೇ ಕುಳಿತರು. ‘ಎದುರಿನ ಲಾರಿ ಎರಡಾಗುತ್ತದೆ ಮೇಡಂ, ಊಟದ ತಟ್ಟೆ ಮಾತ್ರ ಒಂದೇ’ ಎಂದರು. ಒಂದು ಕಣ್ಣು ಮುಚ್ಚಿಸಿದೆ, ಲಾರಿಯೂ ಒಂದೇ ಆಯಿತು. ಹಾಗಾದರೆ ಇದು ಪೊರೆಯ ತೊಂದರೆಯಲ್ಲ, ಎರಡು ಕಣ್ಣುಗಳ ಹೊಂದಾಣಿಕೆಯದು. ಟಾರ್ಚನ್ನು ಬಲಕ್ಕೆ ಸರಿಸಿದಾಗ ಬಲಗಣ್ಣು ನಡುವಿನಲ್ಲೇ ನಿಂತುಬಿಟ್ಟಿತು, ಹೊರಮೂಲೆಯಲ್ಲಿ ಬಿಳಿಭಾಗ ಹಾಗೇ ಉಳಿಯಿತು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ಅದರಿಂದ ಆರನೆಯ ನರ ಸೋತಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ, ಗಾಡಿ ಓಡಿಸುವುದು ಬೇಡ ಎಂದು ವೈದ್ಯರು ಹೇಳಿದರು.

ಆದರೆ ರೆಪ್ಪೆ ಜೋತುಬಿದ್ದು, ಪಾಪೆ ದೊಡ್ಡದಾಗಿ, ತಲೆನೋವೂ ಇದ್ದರೆ ನಾನು ಒಂದು ಗಳಿಗೆಯೂ ಕಾಯುವುದಿಲ್ಲ. ಮೆದುಳಿನ ರಕ್ತನಾಳ ಉಬ್ಬಿ ಮೂರನೆಯ ನರವನ್ನು ಒತ್ತುತ್ತಿರಬಹುದು. ಅಂಥವರನ್ನು ಅಂದೇ ಸ್ಕ್ಯಾನಿಗೆ ಮೈಸೂರಿಗೆ ಕಳುಹಿಸುತ್ತೇವೆ.

ಕಷ್ಟದ್ದು ನಾಲ್ಕನೆಯ ನರ. ಅದರ ಸ್ನಾಯು ಮೂಗಿನ ಬದಿಯ ಪುಟ್ಟ ರಾಟೆಯೊಂದರಲ್ಲಿ ನುಸುಳಿ ಹಿಂದಕ್ಕೆ ತಿರುಗಿ ಕಣ್ಣಿಗೆ ಅಂಟುತ್ತದೆ, ಕಣ್ಣನ್ನು ಕೆಳಕ್ಕಿಳಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಮಹಿಳೆಯೊಬ್ಬರಿಗೆ ಚಾಮುಂಡಿ ಬೆಟ್ಟ ಇಳಿಯುವಾಗ ಮೆಟ್ಟಿಲ ಮೇಲೆ ಮೆಟ್ಟಿಲು ಕಾಣತೊಡಗಿತ್ತು. ಗಡ್ಡೆ ಇರಬಹುದೆಂದು ಮನೆಯವರೆಲ್ಲ ಹೆದರಿದ್ದರು. ಅವರ ತಲೆ ಎಡಕ್ಕೆ ವಾಲಿತ್ತು. ನಾನು ಬಲಭುಜದ ಕಡೆಗೆ ವಾಲಿಸಿದೊಡನೆ ಬಲಗಣ್ಣು ಮೇಲೆ ಸರಿಯಿತು, ಆ ಕಣ್ಣಿನ ಮೇಲಿನ ಓರೆ ಸ್ನಾಯು ಸೋತಿರುವುದರ ಗುರುತು ಅದು. ‘ಅಕ್ಕ, ಹಳೆಯ ಫೋಟೊ ಇದ್ದರೆ ತನ್ನಿ’ ಎಂದೆ. ಶಾಲೆಯ ಗುಂಪು ಫೋಟೊದಲ್ಲಿ ಎಡಕ್ಕೆ ವಾಲಿದ ತಲೆ, ಮದುವೆಯ ಫೋಟೊದಲ್ಲಿ ಬಾಸಿಂಗ ಕಟ್ಟಿದ ಹಣೆಯೂ ಎಡಕ್ಕೇ. ಹುಟ್ಟಿನಿಂದ ಇದ್ದ ದೌರ್ಬಲ್ಯವನ್ನು ಇಷ್ಟು ವರ್ಷ ಸಂಭಾಳಿಸಿದ್ದ ಕಣ್ಣು ಈಗ ದಣಿದಿತ್ತು, ಅಷ್ಟೇ. ವೈದ್ಯರು ಫೋಟೊಗಳನ್ನು ನೋಡಿ, ಬೆಳಕನ್ನು ಬಾಗಿಸಿ ಎರಡು ಬಿಂಬಗಳನ್ನು ಒಂದಾಗಿಸುವ ಪ್ರಿಸಂ ಕನ್ನಡಕ ಬರೆದುಕೊಟ್ಟರು.