ಹೋಮ್‌ಸ್ಟೆಡ್ ಜಮೀನಿನ ಹಳೇ ಕಡತ ಹುಡುಕುವುದು ಹೇಗೆ?

ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಬಿಯಾಟ್ರಿಸ್ ಎಂಬ ಊರಿದೆ. ಅದರ ಹತ್ತಿರದ 160 ಎಕರೆಗೆ ಡೇನಿಯಲ್ ಫ್ರೀಮನ್ ಎಂಬಾತ 1863ರ ಜನವರಿ 1ರಂದು ಅರ್ಜಿ ಹಾಕಿದ. ಲಿಂಕನ್ ಸಹಿ ಹಾಕಿದ್ದ ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ ಮೊದಲ ದಿನ ಅದು. ಐದು ವರ್ಷ ಅಲ್ಲೇ ನೆಲೆಸಿ ಉಳುಮೆ ಮಾಡಿದವರಿಗೆ ಸರ್ಕಾರಿ ಜಮೀನನ್ನು 160 ಎಕರೆಯವರೆಗೆ ಬಿಟ್ಟುಕೊಡುವ ಕಾಯ್ದೆ ಇದು. ಐದು ವರ್ಷ ಕಳೆದ ಮೇಲೆ, 1868ರ ಜನವರಿಯಲ್ಲಿ, ಇಬ್ಬರು ಅವನ ಪರವಾಗಿ ಸಾಕ್ಷಿ ಹೇಳಿದರು. ಮನೆ 14 ಅಡಿಗೆ 20 ಅಡಿ. ಒಂದಷ್ಟು ಭಾಗ ಮರದ ದಿಮ್ಮಿ, ಉಳಿದದ್ದು ಮರದ ಚೌಕಟ್ಟು. ಎರಡು ಬಾಗಿಲು, ಎರಡು ಕಿಟಕಿ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಲಾಯ, 100 ಅಡಿ ಉದ್ದದ ಕುರಿ ಕೊಟ್ಟಿಗೆ, ಮೆಕ್ಕೆಜೋಳದ ಕಣಜ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ಹಕ್ಕುಪತ್ರದಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿರುವುದು ಹೆಸರು, ಜಮೀನಿನ ಗುರುತು, ತಾರೀಖು, ಅಧ್ಯಕ್ಷರ ಪರವಾಗಿ ಕಾರ್ಯದರ್ಶಿ ಹಾಕಿದ ಸಹಿ, ಅಷ್ಟೇ. ಹಳೇ ದಾಖಲೆ ಹುಡುಕುವ ಎಷ್ಟೋ ಜನ ಹಕ್ಕುಪತ್ರ ಸಿಕ್ಕಿದ ಕೂಡಲೇ ಅದಕ್ಕೆ ಫ್ರೇಮ್ ಹಾಕಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಕುಟುಂಬದ ಬದುಕು ಕಾಣುವುದು ಹಕ್ಕುಪತ್ರದ ಹಿಂದಿನ ಕಡತದಲ್ಲಿ. ಇತಿಹಾಸ ಓದುವವರಿಗೆ, ಅಮೆರಿಕದ ಮನೆತನಕ್ಕೆ ಸೊಸೆಯೋ ಅಳಿಯನೋ ಆಗಿ ಹೋದ ಕನ್ನಡಿಗರಿಗೆ, ತಾವು ಕೊಂಡ ಮನೆಯ ಕೆಳಗಿನ ಮಣ್ಣು ಹಿಂದೆ ಯಾರದಾಗಿತ್ತು ಎಂಬ ಕುತೂಹಲ ಇರುವವರಿಗೆ, ಕಡತ ತಲುಪುವ ದಾರಿ ಇಲ್ಲಿದೆ.

ಮೊದಲು ರಾಜ್ಯ ಯಾವುದು ನೋಡಿ

ಅಮೆರಿಕದ 50 ರಾಜ್ಯಗಳಲ್ಲಿ 30ರಲ್ಲಿ ಮಾತ್ರ ಕೇಂದ್ರ ಸರ್ಕಾರ ಜಮೀನು ಹಂಚಿತು. ನೆಬ್ರಾಸ್ಕ, ಕ್ಯಾನ್ಸಸ್, ಎರಡು ಡಕೋಟಗಳು, ಇಲಿನಾಯ್, ಮಿಷಿಗನ್, ವಾಷಿಂಗ್ಟನ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಮೊದಲ 13 ವಸಾಹತುಗಳು ಸೇರುವುದಿಲ್ಲ. ನ್ಯೂಜೆರ್ಸಿಯಲ್ಲಿರುವವರು ಕೇಂದ್ರದ ದಾಖಲೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಟೆಕ್ಸಸ್ ಕೂಡ ಬೇರೆ. ಅದು 1845ರಲ್ಲಿ ಒಕ್ಕೂಟ ಸೇರುವಾಗ ತನ್ನ ಭೂಮಿಯನ್ನು ತಾನೇ ಇಟ್ಟುಕೊಂಡಿತು. ಅಲ್ಲಿನ ಕಡತಗಳಿಗೆ ಆಸ್ಟಿನ್‌ನ ಟೆಕ್ಸಸ್ ಜನರಲ್ ಲ್ಯಾಂಡ್ ಆಫೀಸಿಗೇ ಹೋಗಬೇಕು. ಕ್ಯಾಲಿಫೋರ್ನಿಯದ ಕರಾವಳಿ ಭಾಗದಲ್ಲಿ ಇನ್ನೊಂದು ಸೊಗಸು ಇದೆ. ಮೆಕ್ಸಿಕೊ ಸರ್ಕಾರ ಕೊಟ್ಟಿದ್ದ ದೊಡ್ಡ ದೊಡ್ಡ ರಾಂಚೊಗಳ (ದನ ಮೇಯಿಸುವ ಜಮೀನುಗಳ) ಮಾಲೀಕರು 1851ರ ಕಾಯ್ದೆಯ ಪ್ರಕಾರ ತಮ್ಮ ಹಕ್ಕನ್ನು ಮತ್ತೆ ಸಾಬೀತು ಮಾಡಬೇಕಾಯಿತು. ಆ ಮೊಕದ್ದಮೆಗಳ ಕಡತಗಳು, ಕೈಯಲ್ಲಿ ಬರೆದ ಚಂದದ ನಕ್ಷೆಗಳ ಸಮೇತ, ಬರ್ಕ್‌ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಯಲ್ಲಿವೆ.

ಜಮೀನಿನ ಗುರುತು ಓದಲು ಕಲಿಯಿರಿ

ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಇದ್ದ ಹಾಗೆ ಅಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ ಇರುತ್ತವೆ. 1785ರ ಕಾನೂನಿನಿಂದ ಈ ಅಳತೆ ಶುರುವಾಯಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್. ಒಂದು ಸೆಕ್ಷನ್ 640 ಎಕರೆ. ಅದರ ಕಾಲು ಭಾಗವೇ ಹೋಮ್‌ಸ್ಟೆಡ್‌ನ 160 ಎಕರೆ. ಅಳೆದದ್ದು 66 ಅಡಿಯ ಸರಪಳಿಯಲ್ಲಿ. ಅದರ ಅರ್ಧ, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ನಮ್ಮ ಒಂದು ಗುಂಟೆ. ಹಾಗಾಗಿ ಅಲ್ಲಿನ ಎಕರೆ ನಮಗೆ ಹೊಸದಲ್ಲ.

ಫ್ರೀಮನ್ ಜಮೀನಿನ ಗುರುತು: 26ನೇ ಸೆಕ್ಷನ್, ಟೌನ್‌ಶಿಪ್ 4 ಉತ್ತರ, ರೇಂಜ್ 5 ಪೂರ್ವ. ಇದನ್ನು ಕೊನೆಯಿಂದ ಮೊದಲಿಗೆ ಓದಿದರೆ ಸುಲಭ. ಆ ಭಾಗದ ಅಳತೆಗೆ ಉತ್ತರ-ದಕ್ಷಿಣವಾಗಿ ಎಳೆದ ಮುಖ್ಯ ರೇಖೆಯಿಂದ ಪೂರ್ವಕ್ಕೆ ಐದನೇ ಸಾಲು. ಕ್ಯಾನ್ಸಸ್ ಗಡಿಯಿಂದ ಉತ್ತರಕ್ಕೆ ನಾಲ್ಕನೇ ಸಾಲು. ಆ ಚೌಕದೊಳಗೆ 26ನೇ ತುಂಡು. ಅವನ 160 ಎಕರೆ ಒಂದೇ ಚೌಕವೂ ಅಲ್ಲ. 40 ಎಕರೆಯ ಮೂರು ತುಂಡು ಸಾಲಾಗಿವೆ, ನಡುವಿನದರ ಮೇಲೆ ಇನ್ನೊಂದಿದೆ. ಕಬ್ ಕ್ರೀಕ್ ಎಂಬ ಹಳ್ಳ ಅಲ್ಲಿ ಹರಿಯುತ್ತದೆ. ನೀರೂ ಮರವೂ ಅಪರೂಪವಾದ ಬಯಲಿನಲ್ಲಿ ಹಳ್ಳದ ಬೆಲೆ ಏನೆಂದು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ನೀವೂ ಕಾಗದದ ಮೇಲೆ ಚೌಕ ಹಾಕಿ ತುಂಡುಗಳನ್ನು ಗುರುತಿಸಿ, ಪಕ್ಕದಲ್ಲಿ ಇಂದಿನ ನಕ್ಷೆ ಇಟ್ಟು ನೋಡಿ.

ಹಕ್ಕುಪತ್ರ ತೆಗೆಯಿರಿ, ಅಕ್ಕಪಕ್ಕವನ್ನೂ ನೋಡಿ

ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಇಲಾಖೆಯ ಜಿಎಲ್ಒ (ಜನರಲ್ ಲ್ಯಾಂಡ್ ಆಫೀಸ್) ರೆಕಾರ್ಡ್ಸ್ ತಾಣದಲ್ಲಿ 50 ಲಕ್ಷಕ್ಕೂ ಜಾಸ್ತಿ ಜಮೀನು ದಾಖಲೆಗಳ ಚಿತ್ರಗಳಿವೆ. ದುಡ್ಡು ಕೊಡಬೇಕಾಗಿಲ್ಲ. ರಾಜ್ಯ, ಹೆಸರು ಹಾಕಿ ಹುಡುಕಿ. ಜರ್ಮನಿ, ನಾರ್ವೆ, ಬೊಹೆಮಿಯದಿಂದ ಬಂದವರ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಒಂದು ರೀತಿ ಸಿಗದಿದ್ದರೆ ಇನ್ನೊಂದು ರೀತಿ ಬರೆದು ನೋಡಿ.

ಹೆಸರು ಸಿಕ್ಕಿದ ಮೇಲೆ ಅದೇ ಟೌನ್‌ಶಿಪ್, ಅದೇ ಸೆಕ್ಷನ್ ಹಾಕಿ ಮತ್ತೆ ಹುಡುಕಿ. ಅಕ್ಕಪಕ್ಕದ ಜಮೀನುದಾರರು ಸಿಗುತ್ತಾರೆ. ಅಣ್ಣತಮ್ಮಂದಿರು, ಬೀಗರು, ಹಳೇ ಊರಿನವರು ಎಷ್ಟೋ ಸಲ ಒಟ್ಟಿಗೇ ಬಂದು ಹತ್ತಿರ ಹತ್ತಿರ ಜಮೀನು ಹಿಡಿದಿರುತ್ತಾರೆ. ಹೆಂಡತಿಯ ತವರು ಯಾವುದು ಎಂದು ಗೊತ್ತಾಗದಿದ್ದಾಗ ನಾನು ಮೊದಲು ನೋಡುವುದು ಪಕ್ಕದ ಜಮೀನನ್ನು.

ಈಗ ಕಡತ

ಹಕ್ಕುಪತ್ರದಿಂದ ಜಮೀನಿನ ಗುರುತು, ಲ್ಯಾಂಡ್ ಆಫೀಸಿನ ಹೆಸರು, ಸರ್ಟಿಫಿಕೇಟ್ ನಂಬರ್, ಯಾವ ಕಾಯ್ದೆ ಎಂಬುದನ್ನು ಬರೆದುಕೊಳ್ಳಿ. 1908ರ ನಂತರದ ಹಕ್ಕುಪತ್ರವಾದರೆ ಅದರ ನಂಬರ್ ಸಾಕು. ಇವನ್ನು ಕೊಟ್ಟು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ ಲ್ಯಾಂಡ್ ಎಂಟ್ರಿ ಕಡತದ ನಕಲು ಕೇಳಿ. ಇದಕ್ಕೆ ಶುಲ್ಕವಿದೆ. ನೆಬ್ರಾಸ್ಕದಂಥ ಕೆಲವು ಕಡೆಯ ಕಡತಗಳು ಈಗ ಅಂತರ್ಜಾಲದಲ್ಲೂ ಸಿಗುತ್ತವೆ.

ಕಡತದಲ್ಲಿ ಅರ್ಜಿ ಇರುತ್ತದೆ, ಶುಲ್ಕದ ರಸೀದಿ ಇರುತ್ತದೆ. ಮುಖ್ಯವಾದದ್ದು ಕೊನೆಯ ಸಾಕ್ಷಿ, ಅಂದರೆ ಹಕ್ಕುಪತ್ರ ಪಡೆಯುವ ಮುಂಚೆ ಕೊಡುವ ಹೇಳಿಕೆ. ಮನೆಯವರೆಷ್ಟು, ಯಾವಾಗ ಬಂದರು, ಎಷ್ಟು ತಿಂಗಳು ಜಮೀನು ಬಿಟ್ಟು ಹೋಗಿದ್ದರು, ಯಾಕೆ ಹೋಗಿದ್ದರು, ಯಾವ ಬೆಳೆ, ಎಷ್ಟು ಎಕರೆ ಎಂಬ ಪ್ರಶ್ನೆಗಳಿಗೆ ಆ ಮನುಷ್ಯನೇ ಉತ್ತರ ಕೊಟ್ಟಿರುತ್ತಾನೆ. ಕಾಯ್ದೆಯ ಲಾಭ ಪಡೆಯಲು ಪೌರನಾಗಿರಬೇಕು, ಇಲ್ಲವೇ ಪೌರನಾಗುವ ಇರಾದೆ ಘೋಷಿಸಿರಬೇಕಿತ್ತು. ಹಾಗಾಗಿ ವಲಸೆ ಬಂದವರ ಕಡತದಲ್ಲಿ ಪೌರತ್ವದ ಪತ್ರ ಸಿಗುತ್ತದೆ. ಸೈನ್ಯದಲ್ಲಿದ್ದವರಿಗೆ ಸೇವೆಯ ಕಾಲವನ್ನು ಐದು ವರ್ಷದಲ್ಲಿ ಕಳೆಯಲು 1872ರಲ್ಲಿ ಅವಕಾಶವಾಯಿತು. ಅವರದಾದರೆ ಸೈನ್ಯದ ಬಿಡುಗಡೆ ಪತ್ರದ ನಕಲು ಇರಬಹುದು. ಗಂಡ ತೀರಿಕೊಂಡು ವಿಧವೆಯೇ ಹಕ್ಕು ಪೂರೈಸಿದ್ದರೆ ಅವನು ಸತ್ತ ದಿನವೂ ಅಲ್ಲಿ ಬಂದಿರುತ್ತದೆ. ಮದುವೆಯಾಗದ ಹೆಣ್ಣುಮಕ್ಕಳೂ 21 ತುಂಬಿದ್ದರೆ ತಮ್ಮ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು. ಬೇರೆ ದಾಖಲೆಗಳಲ್ಲಿ ಬರೀ ಮಗಳು, ಹೆಂಡತಿ ಎಂದಷ್ಟೇ ಉಳಿದವರು ಇಲ್ಲಿ ತಮ್ಮ ಮಾತಿನಲ್ಲೇ ಸಿಗುತ್ತಾರೆ.

ಇನ್ನೊಂದು ಕಾರಣಕ್ಕೂ ಈ ಕಡತ ಬೇಕು. 1921ರ ಬೆಂಕಿಯಿಂದಾಗಿ 1890ರ ಜನಗಣತಿಯ ಹಾಳೆಗಳು ಹೆಚ್ಚುಕಮ್ಮಿ ಪೂರ್ತಿ ಹೋದವು. ಅಮೆರಿಕದ ಬಯಲಿನಲ್ಲಿ ಜನ ನೆಲೆನಿಂತದ್ದು 1890ರ ಆಸುಪಾಸಿನಲ್ಲೇ. 1880 ಮತ್ತು 1900ರ ಜನಗಣತಿಗಳ ನಡುವಿನ ಇಪ್ಪತ್ತು ವರ್ಷಗಳ ತೂತು ಮುಚ್ಚಲು ಜಮೀನಿನ ಕಡತಕ್ಕಿಂತ ಒಳ್ಳೆಯದು ಕಡಿಮೆ.

ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನೆರೆಯವರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಳ್ಳುತ್ತಿದ್ದರು. 1879ರ ನಂತರ ಕೊನೆಯ ಸಾಕ್ಷಿಗೆ ಮೊದಲು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಿತ್ತು. ಅದನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ಹುಡುಕಿ. ಜೊತೆಗೆ ಆ ವರ್ಷಗಳ ಸುದ್ದಿಯನ್ನೂ ಓದಿ.

ಹಕ್ಕುಪತ್ರವೇ ಸಿಗದಿದ್ದರೆ?

ಬರ, ಮಿಡತೆ, ಸಾಲದಿಂದ ಬಿಟ್ಟು ಹೋದವರು ಬಹಳ. ಅವರ ಹೆಸರು ಜಿಎಲ್ಒ ತಾಣದಲ್ಲಿ ಬರುವುದಿಲ್ಲ, ಕಡತ ಮಾತ್ರ ಉಳಿದಿರಬಹುದು. ಟ್ರಾಕ್ಟ್ ಬುಕ್ ಎಂಬ ದಪ್ಪ ರಿಜಿಸ್ಟರುಗಳಲ್ಲಿ ಪ್ರತಿ ತುಂಡು ಜಮೀನಿಗೆ ಬಂದ ಅರ್ಜಿಗಳನ್ನು, ರದ್ದಾದವನ್ನೂ ಸೇರಿಸಿ, ಬರೆದಿದ್ದಾರೆ. ಅವು ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿಂದ ನಂಬರ್ ಹಿಡಿದು ಕಡತ ಕೇಳಿ.

ಮುಂದಕ್ಕೂ ಹೋಗಿ, ಹಿಂದಕ್ಕೂ ಹೋಗಿ

ಹಕ್ಕುಪತ್ರದ ನಂತರದ ಕ್ರಯ, ಅಡಮಾನ, ಪಾಲು ಎಲ್ಲ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ನೋಂದಾಯಿತವಾಗಿರುತ್ತವೆ. ಮಾರಿದವರ ಹೆಸರಿನದು ಒಂದು ಸೂಚಿ, ಕೊಂಡವರ ಹೆಸರಿನದು ಇನ್ನೊಂದು. ಎರಡನ್ನೂ ನೋಡಿ. ಕ್ರಯಪತ್ರದಲ್ಲಿ ಹೆಂಡತಿಯ ಸಹಿ ಸಾಮಾನ್ಯ, ಏಕೆಂದರೆ ಗಂಡನ ಆಸ್ತಿಯಲ್ಲಿ ಅವಳಿಗೂ ಹಕ್ಕಿತ್ತು.

ಹಿಂದಕ್ಕೆ ಹೋಗುವುದು ಇನ್ನೂ ಮುಖ್ಯ. ಹೋಮ್‌ಸ್ಟೆಡ್ ಕಾಯ್ದೆಯಡಿ ಸರ್ಕಾರ ಹಂಚಿದ ಸುಮಾರು 27 ಕೋಟಿ ಎಕರೆ ಖಾಲಿ ಬಿದ್ದಿದ್ದಲ್ಲ. ಬಿಯಾಟ್ರಿಸ್ ಸುತ್ತಲಿನ ನೆಲ ಓಟೊ-ಮಿಸೂರಿಯ ಎಂಬ ಮೂಲನಿವಾಸಿ ಜನರದು. 1854ರ ಒಪ್ಪಂದದಲ್ಲಿ ಅವರ ಕೈಯಿಂದ ಬಹುಪಾಲು ಹೋಯಿತು. ಉಳಿದ ಸಣ್ಣ ಜಾಗದಿಂದಲೂ 1880ರ ಸುಮಾರಿಗೆ ಅವರನ್ನು ಇಂದಿನ ಒಕ್ಲಹೋಮಕ್ಕೆ ಕಳಿಸಿದರು. ನೀವು ಹುಡುಕುವ ಟೌನ್‌ಶಿಪ್ ಯಾವ ಒಪ್ಪಂದದಲ್ಲಿ ಸರ್ಕಾರಕ್ಕೆ ಬಂತು ಎಂದು ಪತ್ತೆ ಮಾಡಿ ಬರೆದಿಡಿ. ಅದಿಲ್ಲದ ಜಮೀನಿನ ಚರಿತ್ರೆ ಅರ್ಧ ಸುಳ್ಳು.

ಮನೆಯ ಪೆಟ್ಟಿಗೆ

ಬೈಬಲ್ಲಿನ ಮೊದಲ ಪುಟಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿ ಅಲ್ಲಿತ್ತು. ಕಂದಾಯದ ರಸೀದಿ, ಕಾಗದಗಳು, ಮಣ್ಣುಹೆಂಟೆಯ ಮನೆ ಮುಂದೆ ತೆಗೆಸಿದ ಫೋಟೊಗಳೂ ಇರುತ್ತವೆ. ಫ್ರೀಮನ್ ಮತ್ತು ಆಗ್ನೆಸ್ ಸೂಟರ್ ಮದುವೆಗೆ ಒಪ್ಪಿಕೊಂಡದ್ದೇ ಕಾಗದದಲ್ಲಿ. ಜಮೀನಿನ ಕಡತದ ತಾರೀಖುಗಳ ಪಕ್ಕದಲ್ಲಿ ಇವುಗಳ ತಾರೀಖನ್ನು ಸಾಲಾಗಿ ಬರೆದರೆ ಎಷ್ಟೋ ಗಂಟು ಬಿಚ್ಚುತ್ತದೆ.

ಹಳೇ ಹಾಳೆಗೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಆಮ್ಲವಿಲ್ಲದ ಕಾಗದದ ಫೋಲ್ಡರಿನಲ್ಲಿ ಬಿಡಿಸಿ ಇಡಿ. ಗುರುತನ್ನು ಫೋಲ್ಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಲಕೋಟೆ ಬಿಸಾಕಬೇಡಿ, ಅಂಚೆಯ ಮುದ್ರೆಯಲ್ಲಿ ಊರು, ತಾರೀಖು ಇರುತ್ತದೆ. ಮೂಲ ಪತ್ರ ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿ ಪ್ರತಿಯನ್ನಾದರೂ ಆ ರಾಜ್ಯದ ಇತಿಹಾಸ ಸಂಸ್ಥೆಗೆ ಕೊಡಿ. ಜೊತೆಗೆ ಜಮೀನಿನ ಟೌನ್‌ಶಿಪ್, ರೇಂಜ್, ಸೆಕ್ಷನ್ ಬರೆದುಕೊಡಿ. ಪಕ್ಕದ ಜಮೀನಿನವರ ಮೊಮ್ಮಕ್ಕಳು ಹುಡುಕುವುದು ಅದನ್ನು ಹಿಡಿದೇ.