ದ್ರಾಕ್ಷಿ ತಳಿಯ ಆಯ್ಕೆ: ರೋಗನಿರೋಧಕ ಗುಣವನ್ನು ಅಳೆಯುವ ಬಗೆ

ದ್ರಾಕ್ಷಿಯ ಯಾವ ತಳಿಯೂ ಎಲ್ಲ ರೋಗಗಳನ್ನು ತಡೆಯುವುದಿಲ್ಲ. ಆದ್ದರಿಂದ ತಳಿಯನ್ನು ಆಯ್ಕೆ ಮಾಡುವ ಮೊದಲು, ನಿಮ್ಮ ಭಾಗದಲ್ಲಿ ಚಾಟ್ನಿಯ (ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದರ) ನಂತರ ಮಳೆ ಬೀಳುವುದೇ, ಎಲೆಗಳು ಎಷ್ಟು ಹೊತ್ತು ತೇವವಾಗಿರುತ್ತವೆ ಎಂಬುದನ್ನು ಗಮನಿಸಬೇಕು.

ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ತಳಿಯಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ರಕ್ತವಿರುವುದರಿಂದ ಅದು ಎಲೆ, ಕಾಯಿಗಳ ಮೇಲೆ ಚುಕ್ಕೆ ಬೀಳಿಸುವ ಚಿಬ್ಬು ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ; ಆದರೆ ರೈತರು ಡೌನಿ ಎನ್ನುವ ಬೂಜು ತುಪ್ಪಟ ರೋಗ ಅದನ್ನೂ ಬಿಡುವುದಿಲ್ಲ. ಯುರೋಪ್ ಮೂಲದ ಜಾತಿಗೆ ಸೇರಿದ ಥಾಮ್ಸನ್ ಸೀಡ್‌ಲೆಸ್ ಮತ್ತು ಅನಾಬ್-ಎ-ಶಾಹಿ ಇನ್ನೂ ಸೂಕ್ಷ್ಮ. ವಿಜಯಪುರದ ಒಣ ಹವೆ ಥಾಮ್ಸನ್‌ಗೆ ಒಗ್ಗುವುದು ಇದೇ ಕಾರಣಕ್ಕೆ. ಅಲ್ಲಿಯೂ ಅಕ್ಟೋಬರ್ ಚಾಟ್ನಿಯ ಬಳಿಕ ಅಕಾಲಿಕ ಮಳೆಯಾದರೆ ಹೂಗೊಂಚಲುಗಳೇ ಕೈತಪ್ಪಬಹುದು.

ತೋಟದಲ್ಲಿ ತಳಿಗಳನ್ನು ಹೋಲಿಸುವಾಗ ಎಲೆಯನ್ನು ಮಗುಚಿ ನೋಡಿ: ಮೇಲ್ಭಾಗದಲ್ಲಿ ಎಣ್ಣೆಯಂಥ ಹಳದಿ ಮಚ್ಚೆ, ಅದರ ಕೆಳಗೆ ಬಿಳಿ ಬೂಜು ಇದ್ದರೆ ಡೌನಿ, ಎಲೆ ಮತ್ತು ಕಾಯಿಗಳ ಮೇಲೆ ಬೂದಿ ಚೆಲ್ಲಿದಂತಿದ್ದರೆ ಬೂದಿ ರೋಗ, ಇದಕ್ಕೆ ಮಳೆಯೇ ಬೇಕಿಲ್ಲ.

ಡಾಗ್‌ರಿಡ್ಜ್ ಎಂಬ ಬೇರುಸಸಿಯ (ಕಸಿಗೆ ಬೇರು ಒದಗಿಸುವ ಸಸಿಯ) ಮೇಲೆ ಕಸಿ ಮಾಡಿದರೆ ಎಲೆರೋಗ ಬಾರದೆಂಬ ನಂಬಿಕೆ ತಪ್ಪು. ಅದು ಬರ ಮತ್ತು ಲವಣಾಂಶವನ್ನು ತಾಳಲು ನೆರವಾಗುತ್ತದೆಯೇ ಹೊರತು ಮೇಲಿನ ತಳಿಯ ಎಲೆಗಳು ತಮ್ಮ ಗುಣವನ್ನೇ ಉಳಿಸಿಕೊಳ್ಳುತ್ತವೆ. ಸೂಕ್ಷ್ಮ ತಳಿಯನ್ನೇ ನೆಡುವುದಾದರೆ ಚಪ್ಪರದೊಳಗೆ ಗಾಳಿಯಾಡುವಂತೆ ಹೆಚ್ಚುವರಿ ಚಿಗುರುಗಳನ್ನು ತೆಗೆದು, ಚಾಟ್ನಿಯಾದ ಕೂಡಲೇ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಕಡ್ಡಿಗಳಿಗೆ ಸಿಂಪಡಿಸಿ.